ಬೆನ್ನುಡಿಯಲ್ಲೊಂದು ತಪ್ಪು: ಮಾನವ ಹಕ್ಕುಗಳ ಕಿರುಹೊತ್ತಗೆಯನ್ನು ಓದಿದ ಮೇಲೆ

ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಈ ಪುಸ್ತಿಕೆ ಎಂಟು ತಿಂಗಳಿನಿಂದ ನನ್ನ ಕೈಚೀಲದಲ್ಲಿದೆ. ವಿಶ್ವಸಂಸ್ಥೆ 1948ರಲ್ಲಿ ಒಪ್ಪಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಪೂರ್ಣ ಪಾಠ ಇದರಲ್ಲಿದೆ: ಪೀಠಿಕೆ, 30 ವಿಧಿಗಳು, ಕೊನೆಗೆ ‘ಟಿಪ್ಪಣಿಗಾಗಿ’ ಎಂದು ಬಿಟ್ಟ ನಾಲ್ಕು ಖಾಲಿ ಪುಟಗಳು. ಒಟ್ಟು 48 ಪುಟ. ನಾನು 31 ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು. ಮುದ್ರಿತವಾದ ಯಾವುದನ್ನೂ ಪೆನ್ಸಿಲ್ ಹಿಡಿಯದೆ ಓದಲಾರೆ. ಇದನ್ನೂ ಹಾಗೆಯೇ ಓದಿದೆ, ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ, ಒಂದು ಕಚೇರಿಯ ಬೆಂಚಿನ ಮೇಲೆ ಕುಳಿತು ಮತ್ತೆ ಓದಿದೆ. ಒಳಗಿನ ಪಾಠ ಬಹಳ ಒಳ್ಳೆಯದು, ಬೆನ್ನುಡಿಯಲ್ಲಿ ದೊಡ್ಡ ತಪ್ಪಿದೆ, ಇರಲೇಬೇಕಾಗಿದ್ದ ಒಂದು ಪುಟ ಇಲ್ಲ. ಕೊಳ್ಳಬೇಕೆಂದಿರುವವರು ಈ ಮೂರನ್ನೂ ತಿಳಿದು ಕೊಳ್ಳಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಕಣ್ಣಿಗೂ ಕೈಗೂ ಸಿಗುವ ಸಂಗತಿಗಳು. ಕಾಗದ ದಪ್ಪವಾಗಿದೆ, ಆಚೆ ಮಗ್ಗುಲಿನ ಅಕ್ಷರ ಈಚೆ ಕಾಣುವುದಿಲ್ಲ, ಪೆನ್ಸಿಲ್ ಚೆನ್ನಾಗಿ ಹಿಡಿಯುತ್ತದೆ. ದಾರದ ಹೊಲಿಗೆ ಹಾಕದೆ ಎರಡು ಪಿನ್ ಹೊಡೆದಿದ್ದಾರೆ. ಮಳೆಗಾಲದಲ್ಲಿ ಒಂದು ಪಿನ್ ತುಕ್ಕು ಹಿಡಿದು, ರಾಷ್ಟ್ರೀಯತೆಯ ಹಕ್ಕನ್ನು ಹೇಳುವ 15ನೇ ವಿಧಿಯ ಪಕ್ಕದಲ್ಲಿ ಕಂದು ಕಲೆ ಬಿಟ್ಟಿದೆ. ವಿಧಿಗಳ ಅಕ್ಷರ ದಪ್ಪವಾಗಿದ್ದು ಎಂಬತ್ತು ದಾಟಿದ ಕಣ್ಣಿಗೂ ಓದಲು ಬರುತ್ತದೆ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಜಾಗ ಬಿಟ್ಟಿದ್ದಾರೆ. ಆ ಕೆಲಸ ಗೊತ್ತಿದ್ದವರೇ ಮಾಡಿದ್ದಾರೆ ಎನ್ನುವುದು ಅಷ್ಟರಲ್ಲೇ ತಿಳಿಯುತ್ತದೆ.

ಆದರೆ ಪೀಠಿಕೆಯನ್ನು ಮಾತ್ರ ಸಣ್ಣ ಅಕ್ಷರದಲ್ಲಿ ಒತ್ತೊತ್ತಾಗಿ ತುಂಬಿದ್ದಾರೆ, ಔಷಧಿಯ ಡಬ್ಬಿಯೊಳಗೆ ಮಡಚಿಟ್ಟ ಚೀಟಿಯ ಹಾಗೆ. ಓದುವವರು ಇದನ್ನು ದಾಟಿ ನೇರ ಒಂದನೇ ವಿಧಿಗೆ ಹೋಗುತ್ತಾರೆಂದು ಎಣಿಸಿರಬೇಕು. ಹಾಗೆ ದಾಟಿ ಹೋಗುವಂಥದ್ದಲ್ಲ ಅದು. ಹಕ್ಕು ಎಲ್ಲಿಂದ ಬಂತು ಎಂದು ಕೇಳುವವರಿಗೆ ಉತ್ತರದ ಜಾಡು ಇರುವುದೇ ಅಲ್ಲಿ.

ಅನುವಾದದ ಬಗ್ಗೆ ನನಗೆ ಗೌರವವಿದೆ. ಒಂದನೇ ವಿಧಿಯ ಎರಡನೆಯ ವಾಕ್ಯ ಮನುಷ್ಯರನ್ನು ‘ವಿವೇಕ ಮತ್ತು ಅಂತಃಕರಣಗಳನ್ನು ಪಡೆದವರು’ ಎನ್ನುತ್ತದೆ. ಇಂಗ್ಲಿಷಿನ ‘ಕಾನ್ಷನ್ಸ್’ ಎಂಬ ಪದಕ್ಕೆ ಆತ್ಮಸಾಕ್ಷಿ, ಮನಸ್ಸಾಕ್ಷಿ ಎಂದು ಸುಲಭವಾಗಿ ಬರೆಯಬಹುದಾಗಿತ್ತು. ಅಂತಃಕರಣ ಎಂದು ಬರೆದವರ ಕೈಗೆ ನಮಸ್ಕಾರ. ಅಂತಃಕರಣವಿಲ್ಲದವನು ಎಂದು ನಾವು ಯಾರನ್ನು ಅನ್ನುತ್ತೇವೆ? ಸರಿತಪ್ಪು ತಿಳಿಯದವನನ್ನಲ್ಲ, ಇನ್ನೊಬ್ಬರ ನೋವಿಗೆ ಕರಗದವನನ್ನು. ಆತ್ಮಸಾಕ್ಷಿ ಒಬ್ಬನೇ ಕುಳಿತು ತನ್ನೊಳಗೆ ಕೇಳಿಸಿಕೊಳ್ಳುವಂಥದ್ದು. ಅಂತಃಕರಣಕ್ಕೆ ಎದುರಿಗೆ ಇನ್ನೊಬ್ಬರು ಇರಬೇಕು.

ಇದನ್ನು ಇಷ್ಟು ಎಳೆದು ಹೇಳುವುದಕ್ಕೆ ಕಾರಣವಿದೆ. 1947ರಲ್ಲಿ ಘೋಷಣೆಯ ಕರಡು ಸಮಿತಿಯಲ್ಲಿ ಕುಳಿತಿದ್ದ ಚೀನಾದ ಪ್ರತಿನಿಧಿ ಪಿ. ಸಿ. ಚಾಂಗ್, ಮನುಷ್ಯನಿಗೆ ವಿವೇಕವೊಂದೇ ಗುರುತಾದರೆ ಸಾಲದು ಎಂದರು. ಅವರ ಮನಸ್ಸಿನಲ್ಲಿದ್ದದ್ದು ‘ರೆನ್’ ಎಂಬ ಚೀನೀ ಪದ. ಆ ಅಕ್ಷರವನ್ನು ಬಿಡಿಸಿದರೆ ‘ಮನುಷ್ಯ’ ಮತ್ತು ‘ಎರಡು’ ಎಂಬ ಎರಡು ಗುರುತುಗಳು ಸಿಗುತ್ತವೆ. ತಾನಿರುವಂತೆಯೇ ಎದುರಿನವರೂ ಇದ್ದಾರೆ ಎಂಬ ಅರಿವು ಅದು. ಅದಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಪದ ಸಿಗದೆ ‘ಕಾನ್ಷನ್ಸ್’ ಎಂದು ಸೇರಿಸಿದರು, ಚಾಂಗ್ ಹೇಳಿದ ಅರ್ಥದಲ್ಲಿ ಒಂದು ಪಾಲು ಅಲ್ಲೇ ಸೋರಿಹೋಯಿತು. ಕನ್ನಡಕ್ಕೆ ಬರುವಾಗ, ಅನುವಾದಕರಿಗೆ ಗೊತ್ತಿತ್ತೋ ಇಲ್ಲವೋ, ಸೋರಿಹೋದದ್ದು ಮರಳಿ ಬಂದಿದೆ. ಮೂಲಕ್ಕಿಂತ ಅನುವಾದವೇ ಮೂಲದ ಮನಸ್ಸಿಗೆ ಹತ್ತಿರವಾದ ಇಂಥ ಸಂದರ್ಭವನ್ನು ನನ್ನ ಕೆಲಸದ ಅಷ್ಟು ವರ್ಷಗಳಲ್ಲಿ ಬೆರಳೆಣಿಕೆಯಷ್ಟು ಸಲ ಕಂಡಿದ್ದೇನೆ.

ಅದೇ ವಾಕ್ಯದಲ್ಲಿ ನನ್ನ ಪೆನ್ಸಿಲ್ ಇನ್ನೊಂದು ಕಡೆ ನಿಂತಿತು. ‘ಪಡೆದವರು’ ಎಂದಿದೆ. ಯಾರಿಂದ ಪಡೆದವರು? ಕೊಟ್ಟವರ ಹೆಸರಿಲ್ಲ. ಕರಡಿನಲ್ಲಿ ಇಂಥ ವಾಕ್ಯ ಬಂದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಲೇಖಕರಿಗೆ ವಾಪಸ್ ಕಳುಹಿಸುತ್ತಿದ್ದೆ. ಆದರೆ ಇಲ್ಲಿ ಕರ್ತೃವನ್ನು ಬೇಕೆಂದೇ ಬಿಟ್ಟಿದ್ದಾರೆ. ಹಿಂದಿನ ಕರಡಿನಲ್ಲಿ ‘ನಿಸರ್ಗದಿಂದ’ ಎಂಬ ಪದವಿತ್ತು. 1948ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಮೂರನೇ ಸಮಿತಿಯಲ್ಲಿ ಚರ್ಚೆ ನಡೆದಾಗ ಬ್ರೆಜಿಲ್, ಮನುಷ್ಯನನ್ನು ದೇವರು ತನ್ನ ರೂಪದಲ್ಲಿ ಸೃಷ್ಟಿಸಿದ ಎಂಬ ಮಾತು ಬರಬೇಕೆಂದಿತು. ಇನ್ನೊಂದು ಕಡೆಯವರು ‘ನಿಸರ್ಗದಿಂದ’ ಎನ್ನುವುದೂ ಬೇಡವೆಂದರು. ಕೊನೆಗೆ ದೇವರ ಹೆಸರು ಸೇರಲಿಲ್ಲ, ನಿಸರ್ಗದ ಹೆಸರು ಉಳಿಯಲಿಲ್ಲ. ದೇವರನ್ನು ನಂಬುವವರು, ನಂಬದವರು, ಹಲವು ನಂಬಿಕೆಗಳವರು ಒಂದೇ ವಾಕ್ಯಕ್ಕೆ ಒಪ್ಪಿಗೆ ಹಾಕಬೇಕಾಗಿತ್ತು. ಆ ಜಾಗವನ್ನು ಖಾಲಿ ಬಿಟ್ಟಿದ್ದಾರೆ, ಮತ್ತು ಖಾಲಿ ಬಿಟ್ಟದ್ದರಿಂದಲೇ ಪ್ಯಾರಿಸ್ಸಿನಲ್ಲಿ 1948ರ ಡಿಸೆಂಬರ್ 10ರಂದು 48 ದೇಶಗಳು ಒಪ್ಪಿದವು, ಎಂಟು ದೇಶಗಳು ತಟಸ್ಥವಾಗಿ ಉಳಿದವು, ವಿರೋಧವಾಗಿ ಒಂದು ಮತವೂ ಬೀಳಲಿಲ್ಲ.

ಅದೇ ವಿಧಿಯ ಮೊದಲ ಪದಗಳಿಗೂ ಒಂದು ಕಥೆಯಿದೆ. ಇಂಗ್ಲಿಷಿನಲ್ಲಿ ‘ಎಲ್ಲ ಪುರುಷರು’ ಎಂದೂ ಓದಿಕೊಳ್ಳಬಹುದಾಗಿದ್ದ ಪದವನ್ನು ‘ಎಲ್ಲ ಮಾನವರು’ ಎಂದು ಬದಲಿಸಲು ಹಟ ಹಿಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಕರಡು ತಿದ್ದುವವಳಾಗಿ ಹೇಳುತ್ತೇನೆ, ಒಂದು ಪದದ ತಿದ್ದುಪಡಿಯಿಂದ ಅರ್ಧ ಲೋಕ ವಾಕ್ಯದೊಳಗೆ ಬಂದ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಬೆನ್ನುಡಿಗೆ ಬರುತ್ತೇನೆ. ದಪ್ಪ ಅಕ್ಷರದಲ್ಲಿ ಹೀಗಿದೆ: ‘ವಿಶ್ವಸಂಸ್ಥೆ ನಿಮಗೆ ನೀಡಿದ 30 ಹಕ್ಕುಗಳು, ಇನ್ನು ನಿಮ್ಮ ಜೇಬಿನಲ್ಲಿ.’

30 ಹಕ್ಕುಗಳು ಎನ್ನುವುದು ಸಣ್ಣ ತಪ್ಪು. ಇರುವುದು 30 ವಿಧಿಗಳು. ಕೆಲಸದ ಬಗೆಗಿನ 23ನೇ ವಿಧಿಯೊಂದರಲ್ಲೇ ನಾಲ್ಕು ಹಕ್ಕುಗಳಿವೆ. 29ನೆಯದು ಕರ್ತವ್ಯವನ್ನೂ ಮಿತಿಯನ್ನೂ ಹೇಳುತ್ತದೆ. 30ನೆಯದು ಈ ಹಕ್ಕುಗಳನ್ನೇ ಹಿಡಿದು ಇನ್ನೊಬ್ಬರ ಹಕ್ಕನ್ನು ಅಳಿಸಬಾರದೆಂಬ ಎಚ್ಚರಿಕೆ. ಎಣಿಕೆಯ ತಪ್ಪನ್ನು ಕ್ಷಮಿಸಬಹುದು.

‘ನೀಡಿದ’ ಎನ್ನುವುದನ್ನು ಕ್ಷಮಿಸಲಾರೆ. ಒಳಗಿನ ಪಾಠದಲ್ಲಿ ವಿಶ್ವಸಂಸ್ಥೆ ಹಕ್ಕನ್ನು ಕೊಟ್ಟೆ ಎಂದು ಎಲ್ಲಿಯೂ ಹೇಳಿಕೊಂಡಿಲ್ಲ. ಪೀಠಿಕೆಯ ಮೊದಲ ಸಾಲು ಘನತೆಗೂ ಹಕ್ಕುಗಳಿಗೂ ‘ಮಾನ್ಯತೆ’ ಎನ್ನುತ್ತದೆ. ಕೊನೆಗೆ ಮಹಾಸಭೆ ‘ಘೋಷಿಸುತ್ತದೆ’. ಮಾನ್ಯ ಮಾಡಬೇಕಾದರೆ ಆ ವಸ್ತು ಮೊದಲೇ ಇರಬೇಕು. ಡಂಗುರ ಸಾರಿದವನು ಸುದ್ದಿಯನ್ನು ಹುಟ್ಟಿಸಿದವನಲ್ಲ. ಬೆನ್ನುಡಿ ಬರೆದವರು ಒಳಪುಟಗಳನ್ನು ಓದದೆ ಬರೆದಿದ್ದಾರೆ ಎಂದೇ ನನ್ನ ಊಹೆ. ಅಚ್ಚುಕೂಟದಲ್ಲಿ ಇದು ನಡೆಯುವುದುಂಟು: ಒಳಪುಟಕ್ಕೆ ಮೂರು ಸಲ ಕರಡು, ರಕ್ಷಾಪುಟ ಮಾತ್ರ ಕೊನೆಯ ಗಳಿಗೆಯಲ್ಲಿ ನೇರ ಮುದ್ರಣಕ್ಕೆ.

ಅಮ್ಮನಿಗೆ ಬೆನ್ನುಡಿ ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. “ಕೊಟ್ಟವರು ನಾಳೆ ವಾಪಸ್ ಕೇಳಿದರೆ?”

ಅವಳು ಸುಮ್ಮನೆ ಕೇಳಿದ್ದಲ್ಲ. ಆಗ ಅವಳ ವಿಧವಾ ವೇತನ ನಿಂತು ಐದು ತಿಂಗಳಾಗಿತ್ತು. ಒಂದು ದಾಖಲೆಯಲ್ಲಿ ಅವಳ ಹೆಸರಿಗೆ ದೀರ್ಘವಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಜೀವನವೆಲ್ಲ ಊರವರ ದೀರ್ಘ, ಕೊಂಬು, ಒತ್ತು ತಿದ್ದಿದ ನಾನು ನನ್ನ ತಾಯಿಯ ಹೆಸರಿನ ಒಂದು ದೀರ್ಘವನ್ನು ನೋಡದೆ ಬಿಟ್ಟಿದ್ದೆ. ಕಚೇರಿಯ ಬೆಂಚಿನ ಮೇಲೆ ಈ ಪುಸ್ತಿಕೆ ಹಿಡಿದು ಕುಳಿತದ್ದು ಆ ದಿನಗಳಲ್ಲಿಯೇ. ಅಲ್ಲಿನ ಗುಮಾಸ್ತರು ಕೆಟ್ಟವರಲ್ಲ. ಅಮ್ಮನಿಗೆ ಕುರ್ಚಿ ತರಿಸಿದರು, ನೀರು ಕೊಟ್ಟರು. ಆಮೇಲೆ ಹೇಳಿದರು: “ಅಮ್ಮ, ಇದು ನನ್ನ ಕೈಯಲ್ಲಿಲ್ಲ. ಮೇಲಿನಿಂದ ಬರಬೇಕು.”

ಮೇಲಿನಿಂದ. ಆ ಪದ ಬಹಳ ದಿನ ನನ್ನನ್ನು ಬಿಡಲಿಲ್ಲ. ಮನುಷ್ಯನ ಹಕ್ಕು ಎಲ್ಲಿಂದ ಬರುತ್ತದೆ ಎಂದು ಶತಮಾನಗಳಿಂದ ಕೊಟ್ಟ ಉತ್ತರಗಳಲ್ಲಿ ಹೆಚ್ಚಿನವು ಇದೇ ಉತ್ತರವನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿವೆ. ದೇವರಿಂದ ಬರುತ್ತದೆ ಎಂದವರಿದ್ದಾರೆ. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಸೃಷ್ಟಿಕರ್ತನೇ ಮನುಷ್ಯರಿಗೆ ಹಕ್ಕುಗಳನ್ನು ಕೊಟ್ಟನೆಂದಿತು; ಅದೇ ದೇಶದಲ್ಲಿ ಗುಲಾಮಗಿರಿ ಸಂವಿಧಾನದಿಂದ ತೊಲಗಿದ್ದು 1865ರಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂದರೆ ಹೀಗೆ.

ಕಾನೂನಿನಿಂದ ಬರುತ್ತದೆ ಎಂದವರಲ್ಲಿ ಬಹಳ ಗಟ್ಟಿಯಾಗಿ ಹೇಳಿದವರು ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಾಮ್. ಮನುಷ್ಯನ ಹಕ್ಕುಗಳ ಬಗೆಗಿನ 1789ರ ಫ್ರೆಂಚ್ ಘೋಷಣೆಯನ್ನು ಓದಿ ಸಿಟ್ಟಾದ ಅವರ ಪ್ರಕಾರ ಹಕ್ಕು ಕಾನೂನಿನ ಕೂಸು; ಕಾನೂನಿಗೆ ಮೊದಲೇ ಇರುವ ಸಹಜ ಹಕ್ಕು ಎನ್ನುವುದು ಬರಿಯ ಮಾತು. ಈ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹಸಿದವನಿಗೆ ಅನ್ನ ಬೇಕೆನ್ನಿಸಿದ ಮಾತ್ರಕ್ಕೆ ಅನ್ನ ಬಂದುಬಿಡುವುದಿಲ್ಲ ಎನ್ನುವ ಅವರ ಮಾತಿನ ಧಾಟಿ ಆ ಬೆಂಚಿನ ಮೇಲೆ ಕುಳಿತ ಯಾರಿಗಾದರೂ ಅರ್ಥವಾಗುತ್ತದೆ. ಆದರೆ ಅದನ್ನು ಪೂರ್ತಿ ಒಪ್ಪಿದರೆ 1935ರ ಸೆಪ್ಟೆಂಬರ್ 15ಕ್ಕೆ ಏನು ಹೇಳುವುದು? ಆ ದಿನ ನ್ಯೂರೆಂಬರ್ಗ್‌ನಲ್ಲಿ ಜರ್ಮನಿಯ ಸಂಸತ್ತು ಯೆಹೂದಿಗಳ ಪೌರತ್ವವನ್ನು ಕಿತ್ತುಕೊಂಡದ್ದು ಕಾನೂನಿನ ಮೂಲಕವೇ. ರಾಜಪತ್ರದಲ್ಲಿ ಅದು ಅಚ್ಚಾಯಿತು. ಆ ಕಾಯ್ದೆಯ ಕರಡನ್ನೂ ನನ್ನಂಥ ಯಾರೋ ಒಬ್ಬರು ಅಲ್ಪವಿರಾಮ ಸರಿಪಡಿಸಿ ಮುದ್ರಣಕ್ಕೆ ಕಳುಹಿಸಿರಬೇಕು. ಇದನ್ನು ನೆನೆದಾಗಲೆಲ್ಲ ಹೊಟ್ಟೆಯೊಳಗೆ ತಣ್ಣಗಾಗುತ್ತದೆ. ಕಾನೂನೇ ಹಕ್ಕಿನ ತಾಯಿಯಾಗಿದ್ದರೆ, ಆ ದಿನ ಅನ್ಯಾಯ ನಡೆಯಿತು ಎನ್ನುವುದಕ್ಕೆ ನಮ್ಮ ಬಳಿ ಪದವೇ ಇರುತ್ತಿರಲಿಲ್ಲ.

ಗಾಂಧಿಯವರ ಉತ್ತರ ಬೇರೆ. ಘೋಷಣೆಯ ಸಿದ್ಧತೆ ನಡೆದಿದ್ದ 1947ರಲ್ಲಿ ಯುನೆಸ್ಕೊ ಹಲವು ಚಿಂತಕರಿಗೆ ಪತ್ರ ಬರೆದು ಅಭಿಪ್ರಾಯ ಕೇಳಿತು. ಗಾಂಧಿ ಚುಟುಕಾಗಿ ಉತ್ತರಿಸಿದರು: ಓದು ಬಾರದ, ಆದರೆ ವಿವೇಕಿಯಾದ ತನ್ನ ತಾಯಿಯಿಂದ ಕಲಿತದ್ದು, ಚೆನ್ನಾಗಿ ಮಾಡಿದ ಕರ್ತವ್ಯದಿಂದಲೇ ಹಕ್ಕು ಬರುತ್ತದೆ ಎಂಬುದು. ನಾನು ಅವರ ಬಗ್ಗೆ ಬಹಳ ಗೌರವ ಇಟ್ಟುಕೊಂಡವಳು. ಆದರೂ ಈ ಮಾತನ್ನು ಒಪ್ಪಲಾರೆ. ನನ್ನ ತಾಯಿಯೂ ಕರ್ತವ್ಯದಲ್ಲಿ ಯಾರಿಗೂ ಕಡಿಮೆಯಿಲ್ಲ, ಆದರೂ ವೇತನ ನಿಂತಿತು. ಅದಕ್ಕಿಂತ ಮುಖ್ಯವಾಗಿ, ನಿನ್ನೆ ಹುಟ್ಟಿದ ಕೂಸು ಯಾವ ಕರ್ತವ್ಯ ಮಾಡಿದೆ? ಹಾಸಿಗೆ ಹಿಡಿದು ಮಾತು ಕಳೆದುಕೊಂಡವರು ಏನು ಮಾಡಬಲ್ಲರು? ಅವರನ್ನು ಹೊರಗಿಡುವ ಹಕ್ಕು ಮಾನವ ಹಕ್ಕಾಗುವುದಿಲ್ಲ. ಘೋಷಣೆ ಕರ್ತವ್ಯವನ್ನು ಮರೆತಿಲ್ಲ, 29ನೇ ವಿಧಿಯಲ್ಲಿ ಇಟ್ಟಿದೆ. ಮೊದಲು ಹಕ್ಕು, ಕೊನೆಯಲ್ಲಿ ಕರ್ತವ್ಯ. ಆ ಕ್ರಮ ಸರಿಯಾಗಿದೆ ಎಂದೇ ನನಗನ್ನಿಸುತ್ತದೆ.

ಹಾಗಾದರೆ ಎಲ್ಲಿಂದ? ‘ಜನಿಸಿದ್ದಾರೆ’ ಎಂಬ ಒಂದನೇ ವಿಧಿಯ ಕ್ರಿಯಾಪದವನ್ನೇ ನಾನು ಹಿಡಿದುಕೊಂಡಿದ್ದೇನೆ. ಹುಟ್ಟಿದ್ದೇ ಸಾಕು, ಇನ್ನೊಂದು ಅರ್ಹತೆ ಬೇಡ. ಆದರೆ ಹುಟ್ಟಿನೊಂದಿಗೆ ಬಂದದ್ದು ನಮಗೆ ಗೊತ್ತಾಗುವುದು ಅದನ್ನು ಯಾರಾದರೂ ತುಳಿದಾಗ. ಪೀಠಿಕೆಯ ಎರಡನೆಯ ಭಾಗ ಹೇಳುವುದು ಇದನ್ನೇ: ಹಕ್ಕುಗಳನ್ನು ಕಡೆಗಣಿಸಿದ್ದರಿಂದ ಮನುಕುಲದ ಅಂತಃಕರಣಕ್ಕೆ ಆಘಾತವಾಗುವಂಥ ಬರ್ಬರ ಕೃತ್ಯಗಳು ನಡೆದವು. 1948ರಲ್ಲಿ ಹಾಗೆ ಬರೆದವರಿಗೆ ಯುದ್ಧ ಮುಗಿದು ಮೂರೇ ವರ್ಷವಾಗಿತ್ತು. ಬಂಧನ ಶಿಬಿರಗಳನ್ನು ಕಂಡ ಮೇಲೆ, ಯಾವುದನ್ನು ಯಾರಿಗೂ ಮಾಡಕೂಡದು ಎಂಬುದಕ್ಕೆ ಅವರಿಗೆ ಬೇರೆ ಪುರಾವೆ ಬೇಕಾಗಿರಲಿಲ್ಲ. ಈ ಭಾಗವನ್ನೇ ಪ್ರಕಾಶಕರು ಸಣ್ಣ ಅಕ್ಷರದಲ್ಲಿ ಹಾಕಿದ್ದು.

ಕನ್ನಡದಲ್ಲಿ ನಮಗೊಂದು ಅನುಕೂಲವಿದೆ. ಹಿಂದಿಯಲ್ಲಿ ಮಾನವ ಹಕ್ಕಿಗೆ ‘ಮಾನವ ಅಧಿಕಾರ’ ಎನ್ನುತ್ತಾರೆ. ನಮ್ಮಲ್ಲಿ ಅಧಿಕಾರವೇ ಬೇರೆ, ಹಕ್ಕೇ ಬೇರೆ. ಹಕ್ಕು ಬೆಂಚಿನ ಈಚೆ ಕುಳಿತವರದು. ಅಧಿಕಾರ ಮೇಜಿನ ಆಚೆ ಕುಳಿತವರದು. ಅರಬ್ಬಿಯಿಂದ ನಮ್ಮಲ್ಲಿಗೆ ಬಂದ ‘ಹಕ್ಕು’ ಎಂಬ ಪದಕ್ಕೆ ಅದರ ಮೂಲದಲ್ಲಿ ಸತ್ಯ ಎಂಬ ಅರ್ಥವೂ ಇದೆ. ಅಧಿಕಾರವನ್ನು ಕೊಡಬಹುದು, ವಹಿಸಿಕೊಳ್ಳಬಹುದು, ಹಸ್ತಾಂತರಿಸಬಹುದು. ಸತ್ಯವನ್ನು ಯಾರೂ ಮಂಜೂರು ಮಾಡುವುದಿಲ್ಲ. ಇಷ್ಟು ಸ್ಪಷ್ಟವಾದ ಎರಡು ಪದಗಳು ಕೈಯಲ್ಲಿದ್ದೂ ಬೆನ್ನುಡಿ ಎರಡನ್ನೂ ಕಲಸಿಬಿಟ್ಟಿದೆ.

ಇನ್ನು ಇಲ್ಲದ ಪುಟದ ವಿಷಯ. ಹಕ್ಕು ನನ್ನದೇ ಇರಬಹುದು. ಅದನ್ನು ತುಳಿದವನನ್ನು ತಡೆಯುವ ಅಧಿಕಾರ ಯಾರದು? ಎಲ್ಲಿಗೆ ಹೋಗಬೇಕು? 48 ಪುಟಗಳ ಪುಸ್ತಿಕೆಯಲ್ಲಿ ಇದಕ್ಕೆ ಒಂದು ಪುಟವನ್ನೂ ಕೊಟ್ಟಿಲ್ಲ, ನಾಲ್ಕು ಪುಟವನ್ನು ಖಾಲಿ ಬಿಟ್ಟಿದ್ದಾರೆ. ಆ ನಾಲ್ಕು ಪುಟಗಳನ್ನು ನಾನೇ ತುಂಬಿದೆ. ಅಲ್ಲಿ ಬರೆದುಕೊಂಡದ್ದನ್ನು ಸ್ವಲ್ಪ ಬಿಡಿಸಿ ಇಲ್ಲಿ ಕೊಡುತ್ತೇನೆ.

ಘೋಷಣೆ ತಾನೇ ಕೊಡುವ ಉತ್ತರ 8ನೇ ವಿಧಿಯಲ್ಲಿದೆ: ಸಂವಿಧಾನ ಅಥವಾ ಕಾನೂನು ಕೊಟ್ಟ ಮೂಲಭೂತ ಹಕ್ಕಿಗೆ ಧಕ್ಕೆಯಾದರೆ ಆಯಾ ದೇಶದ ಸಮರ್ಥ ನ್ಯಾಯಮಂಡಳಿಯಲ್ಲಿ ಪರಿಣಾಮಕಾರಿ ಪರಿಹಾರ ಪಡೆಯುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಅಂದರೆ ಮೊದಲ ಬಾಗಿಲು ನಮ್ಮ ನಮ್ಮ ದೇಶದ್ದೇ. ಕಷ್ಟವೂ ಅಲ್ಲೇ. ಹಕ್ಕನ್ನು ಕಾಯಬೇಕಾದ ರಾಜ್ಯವೇ ಬಹಳ ಸಲ ಅದನ್ನು ಮುರಿಯುವುದೂ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂಬ ನಮ್ಮ ಗಾದೆ ಈ ಇಡೀ ವಿಷಯದ ನಡುಗಂಬ.

ಬೇಲಿಯ ಹೊರಗೆ ಏನಿದೆ ಎಂದು ನೋಡಿದರೆ, 1948ರ ಘೋಷಣೆ ಒಪ್ಪಂದವಲ್ಲ; ದೇಶಗಳನ್ನು ಕಾನೂನಿನಿಂದ ಕಟ್ಟಿಹಾಕುವ ಉದ್ದೇಶದಿಂದ ಅದನ್ನು ಬರೆದಿರಲಿಲ್ಲ. ಆ ಕೆಲಸಕ್ಕೆ 1966ರಲ್ಲಿ ಎರಡು ಒಡಂಬಡಿಕೆಗಳು ಬಂದವು. ಜಾರಿಯಾಗಲು 1976ರವರೆಗೆ ಕಾಯಬೇಕಾಯಿತು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ 18 ಸದಸ್ಯರ ಒಂದು ಸಮಿತಿಯಿದೆ. ಅದರ ಜೊತೆಗಿರುವ ಐಚ್ಛಿಕ ಒಪ್ಪಂದವೊಂದಕ್ಕೆ ಸಹಿ ಹಾಕಿ ಸ್ಥಿರೀಕರಿಸಿದ ದೇಶದ ವಿರುದ್ಧ, ಆ ದೇಶದಿಂದ ಹಕ್ಕಿಗೆ ಧಕ್ಕೆಯಾದ ಯಾವ ವ್ಯಕ್ತಿ ಬೇಕಾದರೂ ಆ ಸಮಿತಿಗೆ ದೂರು ಬರೆಯಬಹುದು. ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಆದರೆ ಹೆಸರಿಲ್ಲದ ಅರ್ಜಿ ನಡೆಯುವುದಿಲ್ಲ, ತನ್ನ ದೇಶದಲ್ಲಿರುವ ಬಾಗಿಲುಗಳನ್ನೆಲ್ಲ ಮೊದಲು ತಟ್ಟಿ ಮುಗಿಸಿರಬೇಕು. ಸಹಿ ಹಾಕದ ದೇಶದವರಿಗೆ ಆ ದಾರಿಯೇ ಇಲ್ಲ. ತನ್ನ ಮೇಲಿನ ದೂರನ್ನು ಕೇಳುವ ಅನುಮತಿಯನ್ನು ಆರೋಪಿಯೇ ಕೊಡಬೇಕಾದ ಈ ವ್ಯವಸ್ಥೆ ಅನ್ಯಾಯವೆಂದೇ ನನ್ನ ಅನಿಸಿಕೆ.

ಸಮಿತಿ ಕೊನೆಗೆ ಕೊಡುವುದಕ್ಕೆ ತೀರ್ಪು ಎನ್ನುವುದಿಲ್ಲ, ‘ಅಭಿಪ್ರಾಯ’ ಎನ್ನುತ್ತಾರೆ. ಜಾರಿ ಮಾಡಲು ಪೊಲೀಸರಿಲ್ಲ. ಹಾಗಾದರೆ ಏನು ಪ್ರಯೋಜನ ಎಂದು ನಾನೂ ಕೇಳಿಕೊಂಡೆ. ಆಗ ಸಿಕ್ಕಿದ್ದು ಆಸ್ಟ್ರೇಲಿಯಾದ ಒಂದು ರಾಜ್ಯವಾದ ಟಾಸ್ಮೇನಿಯಾದ ಪ್ರಕರಣ. ಅಲ್ಲಿ ವಯಸ್ಕ ಗಂಡಸರಿಬ್ಬರು ಪರಸ್ಪರ ಒಪ್ಪಿಗೆಯಿಂದ ಕೂಡುವುದು ಅಪರಾಧವಾಗಿತ್ತು. ಅಲ್ಲಿನ ಒಬ್ಬ ವ್ಯಕ್ತಿ 1991ರಲ್ಲಿ ಸಮಿತಿಗೆ ಬರೆದರು. ಇದು ಖಾಸಗಿತನದ ಹಕ್ಕಿನ ಉಲ್ಲಂಘನೆ ಎಂದು ಸಮಿತಿ 1994ರಲ್ಲಿ ಹೇಳಿತು. ಅದೇ ವರ್ಷ ಆಸ್ಟ್ರೇಲಿಯಾದ ಒಕ್ಕೂಟ ಸರ್ಕಾರ ಅದಕ್ಕೆ ಅನುಗುಣವಾಗಿ ಕಾಯ್ದೆ ತಂದಿತು, 1997ರಲ್ಲಿ ಟಾಸ್ಮೇನಿಯಾ ಹಳೆಯ ಕಾನೂನನ್ನು ತೆಗೆದುಹಾಕಿತು. ಲಾಠಿಯಿಲ್ಲದ ಒಂದು ಕಾಗದದಿಂದ ಆದದ್ದು ಇದು. ಎಲ್ಲ ಕಡೆ ಹೀಗಾಗುವುದಿಲ್ಲ. ಕಾಗದಕ್ಕೆ ನಾಚುವ ಸರ್ಕಾರ ಇದ್ದಲ್ಲಿ ಆಗುತ್ತದೆ.

ಇದಕ್ಕಿಂತ ಗಟ್ಟಿಯಾದವು ಪ್ರಾದೇಶಿಕ ನ್ಯಾಯಾಲಯಗಳು. ಯುರೋಪಿನದು ಸ್ಟ್ರಾಸ್‌ಬರ್ಗ್‌ನಲ್ಲಿದೆ, ಆಫ್ರಿಕಾದ್ದು ತಾಂಜಾನಿಯಾದ ಅರುಷಾದಲ್ಲಿ, ಅಮೆರಿಕ ಖಂಡಗಳದ್ದು ಕೋಸ್ಟರೀಕಾದ ಸಾನ್ ಹೋಸೆಯಲ್ಲಿ. ಇವುಗಳ ತೀರ್ಪು ಒಪ್ಪಿಕೊಂಡ ದೇಶಗಳನ್ನು ಕಟ್ಟಿಹಾಕುತ್ತದೆ, ಆ ದೇಶ ಒಳಗಿರುವವರೆಗೆ. 2022ರಲ್ಲಿ, ಸ್ಟ್ರಾಸ್‌ಬರ್ಗ್‌ನ ನ್ಯಾಯಾಲಯವನ್ನು ನಡೆಸುವ ಯುರೋಪಿನ ಮಂಡಳಿ ರಷ್ಯಾವನ್ನು ಹೊರಹಾಕಿದ ಮೇಲೆ ಅಲ್ಲಿನ ಜನ ಮುಂದಿನ ಅನ್ಯಾಯಗಳಿಗೆ ಸ್ಟ್ರಾಸ್‌ಬರ್ಗ್‌ನ ಬಾಗಿಲು ತಟ್ಟುವ ದಾರಿಯನ್ನು ಕಳೆದುಕೊಂಡರು. ತಪ್ಪು ಸರ್ಕಾರದ್ದು, ಬಾಗಿಲು ಮುಚ್ಚಿದ್ದು ಜನರಿಗೆ.

ಸಾನ್ ಹೋಸೆಯ ನ್ಯಾಯಾಲಯದ ಒಂದು ತೀರ್ಪನ್ನು ಮಾತ್ರ ನಾನು ಎರಡು ಸಾಲಿನ ಬದಲು ಅರ್ಧ ಪುಟ ಬರೆದುಕೊಂಡಿದ್ದೇನೆ. ಹೊಂಡುರಾಸ್‌ನಲ್ಲಿ 1981ರ ಸೆಪ್ಟೆಂಬರಿನಲ್ಲಿ ಒಬ್ಬ ವಿಶ್ವವಿದ್ಯಾಲಯದ ವಿದ್ಯಾರ್ಥಿಯನ್ನು ಹಗಲಲ್ಲೇ ಹಿಡಿದೊಯ್ದರು. ಮತ್ತೆ ಅವನು ಕಾಣಲಿಲ್ಲ. ಅವನು ನಮ್ಮ ವಶದಲ್ಲಿಲ್ಲ ಎಂದಿತು ಸರ್ಕಾರ. ಹೆಣವಿಲ್ಲ, ದಾಖಲೆಯಿಲ್ಲ, ಒಪ್ಪಿಕೊಂಡವರಿಲ್ಲ. ಪ್ರಕರಣ ನಡೆಯುತ್ತಿದ್ದಾಗಲೇ ಸಾಕ್ಷಿ ಹೇಳಿದವರ ಕೊಲೆಯಾಯಿತು. ಆದರೂ 1988ರ ಜುಲೈ 29ರಂದು ನ್ಯಾಯಾಲಯ ರಾಜ್ಯವೇ ಹೊಣೆ ಎಂದಿತು. ಕೈ ಯಾರದೆಂದು ಗೊತ್ತಾಗದಿದ್ದರೂ, ತಡೆಯುವುದು, ತನಿಖೆ ಮಾಡುವುದು, ಶಿಕ್ಷಿಸುವುದು, ಪರಿಹಾರ ಕೊಡುವುದು ರಾಜ್ಯದ ಬಾಧ್ಯತೆ. ಗಂಭೀರವಾಗಿ ಹುಡುಕದೆ ಸುಮ್ಮನಿದ್ದದ್ದೇ ಉಲ್ಲಂಘನೆ. ‘ಇದು ನನ್ನ ಕೈಯಲ್ಲಿಲ್ಲ’ ಎಂಬ ಉತ್ತರವನ್ನು ಒಂದು ನ್ಯಾಯಾಲಯ ರಾಜ್ಯದ ಬಾಯಿಂದ ಕಿತ್ತುಕೊಂಡದ್ದು ಅಂದು. ಅದನ್ನು ಬರೆದುಕೊಳ್ಳುವಾಗ ನನ್ನ ಪೆನ್ಸಿಲ್ ಮೊನೆ ಮುರಿಯಿತು, ಅಷ್ಟು ಒತ್ತಿ ಬರೆದಿದ್ದೆ.

ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2002ರಿಂದ ಕೆಲಸ ಮಾಡುತ್ತಿದೆ. ಅದು ದೇಶಗಳನ್ನಲ್ಲ, ವ್ಯಕ್ತಿಗಳನ್ನು ವಿಚಾರಿಸುತ್ತದೆ. ಅದಕ್ಕೂ ಸ್ವಂತ ಪೊಲೀಸರಿಲ್ಲ. ಸುಡಾನ್‌ನ ಅಂದಿನ ಅಧ್ಯಕ್ಷ ಒಮರ್ ಅಲ್ ಬಶೀರ್ ಮೇಲೆ 2009ರಲ್ಲಿ ಬಂಧನದ ವಾರಂಟ್ ಹೊರಡಿಸಿತು. 2015ರಲ್ಲಿ ಅವರು ದಕ್ಷಿಣ ಆಫ್ರಿಕಾಕ್ಕೆ ಹೋದರು, ಅಲ್ಲಿನ ಹೈಕೋರ್ಟ್ ದೇಶ ಬಿಡದಂತೆ ಆದೇಶಿಸಿದ್ದರೂ ಹಾರಿ ಹೊರಟುಹೋದರು. ಮರುವರ್ಷ ದಕ್ಷಿಣ ಆಫ್ರಿಕಾದ್ದೇ ಮೇಲ್ಮನವಿ ನ್ಯಾಯಾಲಯ, ಅವರನ್ನು ಬಂಧಿಸದೆ ಬಿಟ್ಟದ್ದು ತಮ್ಮ ಸರ್ಕಾರದ ಕಾನೂನುಬಾಹಿರ ನಡೆ ಎಂದಿತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಬಗ್ಗೆ ಹೆಚ್ಚು ಬರೆಯಲಿಲ್ಲ. ಐದು ದೇಶಗಳ ಕೈಯಲ್ಲಿ ವೀಟೊ ಇರುವವರೆಗೆ ಆ ಐದರ ಮತ್ತು ಅವುಗಳ ಗೆಳೆಯರ ತಪ್ಪು ಅಲ್ಲಿ ಇತ್ಯರ್ಥವಾಗುವುದಿಲ್ಲ.

ನಾಲ್ಕು ಪುಟ ಮುಗಿದಾಗ ಒಂದು ಸಂಗತಿ ನನಗೆ ಸ್ಪಷ್ಟವಾಯಿತು. ಎಲ್ಲಕ್ಕಿಂತ ಮೇಲೆ ಕುಳಿತು ಹಕ್ಕನ್ನು ಜಾರಿ ಮಾಡುವ ಒಬ್ಬ ಯಜಮಾನ ಎಲ್ಲಿಯೂ ಇಲ್ಲ. ಒಬ್ಬ ಅರ್ಜಿದಾರ, ಒಂದು ಕೆಳ ನ್ಯಾಯಾಲಯ, ಒಬ್ಬ ಸಾಕ್ಷಿ, ದೂರದ ಒಂದು ಸಮಿತಿ, ನಾಚಿಕೆಯುಳ್ಳ ಒಂದು ಸರ್ಕಾರ, ಇವರೆಲ್ಲ ಒಬ್ಬರ ಹಿಂದೆ ಒಬ್ಬರು ನಿಂತಾಗ ಜಾರಿಯಾಗುತ್ತದೆ. ಸಾಲಿನಲ್ಲಿ ಒಬ್ಬರು ಕೈಬಿಟ್ಟರೆ ನಿಲ್ಲುತ್ತದೆ. ಪೀಠಿಕೆಯ ಮೂರನೆಯ ಭಾಗ ಇದನ್ನು ಮೊದಲೇ ಎಣಿಸಿದೆ. ಕಾನೂನಿನ ಆಳ್ವಿಕೆ ಹಕ್ಕುಗಳನ್ನು ಕಾಯದಿದ್ದರೆ, ದಬ್ಬಾಳಿಕೆಯ ವಿರುದ್ಧ ದಂಗೆಯೇಳುವುದೇ ಮನುಷ್ಯನಿಗೆ ಕೊನೆಯ ದಾರಿಯಾಗುತ್ತದೆ ಎನ್ನುತ್ತದೆ. ಎಷ್ಟು ಗಂಭೀರವಾದ ಮಾತನ್ನು ಎಷ್ಟು ಸಣ್ಣ ಅಕ್ಷರದಲ್ಲಿ!

ಅಮ್ಮನ ವೇತನದ ಬಗ್ಗೆ ಹೇಳಿ ಮುಗಿಸಬೇಕು. ಘೋಷಣೆಯ 25ನೇ ವಿಧಿಯಲ್ಲಿ ವೈಧವ್ಯ, ವೃದ್ಧಾಪ್ಯ ಎಂಬ ಎರಡೂ ಪದಗಳಿವೆ; ಜೀವನೋಪಾಯ ತಪ್ಪಿದವರಿಗೆ ಭದ್ರತೆ ಹಕ್ಕು ಎನ್ನುತ್ತದೆ. ಆದರೆ ಗುಮಾಸ್ತರ ಮುಂದೆ ನಾನು 25ನೇ ವಿಧಿಯನ್ನು ಓದಲಿಲ್ಲ. ಮೂರನೆಯ ಸಲ ಹೋದಾಗ ಒಂದೇ ಮಾತು ಕೇಳಿದೆ: “ಯಾವ ಕಾರಣಕ್ಕೆ ನಿಂತಿದೆ, ಯಾರಿಗೆ ಮೇಲ್ಮನವಿ ಸಲ್ಲಿಸಬೇಕು, ಇಷ್ಟನ್ನು ಬರವಣಿಗೆಯಲ್ಲಿ ಕೊಡಿ, ಸಾಕು.” ಅದು 8ನೇ ವಿಧಿಯಿಂದ ಕಲಿತದ್ದು. ಅವರು ಬಹಳ ಹೊತ್ತು ನನ್ನನ್ನು ನೋಡಿ, ಒಳಗೆ ಹೋಗಿ, ಇನ್ನೊಬ್ಬರನ್ನು ಕರೆತಂದರು. ಬರವಣಿಗೆ ಸಿಗಲಿಲ್ಲ. ಅರ್ಜಿಯನ್ನು ಸ್ವೀಕರಿಸಿ ಮೊಹರು ಹಾಕಿದ ನಕಲು ಸಿಕ್ಕಿತು. ಮೂರು ವಾರದ ಮೇಲೆ ಆದೇಶ ಬಂತು: ‘ವೇತನವನ್ನು ಪುನಃ ಮಂಜೂರು ಮಾಡಲಾಗಿದೆ.’ ಇಲ್ಲಿಯೂ ಕರ್ತೃವಿಲ್ಲದ ವಾಕ್ಯವೇ. ಘೋಷಣೆಯಲ್ಲಿ ಕೊಟ್ಟವರು ಇಲ್ಲದ್ದರಿಂದ ಆ ಜಾಗ ಖಾಲಿಯಿತ್ತು. ಇಲ್ಲಿ ನಿಲ್ಲಿಸಿದವರೂ ಇದ್ದರು, ಮಂಜೂರು ಮಾಡಿದವರೂ ಇದ್ದರು, ಯಾರ ಹೆಸರೂ ಕಾಗದದ ಮೇಲೆ ಬರಲಿಲ್ಲ. ಅಮ್ಮನ ಹೆಸರು ದೀರ್ಘಸಮೇತ ಸರಿಯಾಗಿ ಬಂದಿತ್ತು.

ಪುಸ್ತಿಕೆಯನ್ನು ಕೊಳ್ಳಬಹುದೇ ಎಂದು ಕೇಳಿದರೆ, ಖಂಡಿತ ಕೊಳ್ಳಿ. ಶಾಲೆಯ ಮೇಷ್ಟರಿಗೆ, ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡುವವರಿಗೆ, ಪೊಲೀಸ್ ಠಾಣೆಗೆ ಹೊಸದಾಗಿ ಸೇರಿದವರಿಗೆ ಕೊಡಲು ಇದಕ್ಕಿಂತ ಚೊಕ್ಕ ಪ್ರತಿ ನಾನು ನೋಡಿಲ್ಲ. ಇದೇ ಘೋಷಣೆ 500ಕ್ಕೂ ಹೆಚ್ಚು ಭಾಷೆಗಳಲ್ಲಿ ಇದೆ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ, ಹೌದು. ಆದರೆ ಬೆಂಚಿನ ಮೇಲೆ ಕುಳಿತಾಗ ಕೈಯಲ್ಲಿ ಹಿಡಿದು ತೋರಿಸಲು ಕಾಗದವೇ ಬೇಕು. ಮೊದಲು ಪೀಠಿಕೆಯನ್ನು ಓದಿ, ಕನ್ನಡಕ ಬೇಕಾದರೆ ಹಾಕಿಕೊಂಡೇ ಓದಿ. ಪಿನ್‌ಗೆ ನೀರು ತಾಗದಂತೆ ನೋಡಿಕೊಳ್ಳಿ.

ಪ್ರಕಾಶಕರಿಗೆ ಮೂರು ತಿದ್ದುಪಡಿಗಳನ್ನು ಪತ್ರದಲ್ಲಿ ಬರೆದು ಕಳುಹಿಸಿದ್ದೇನೆ: ಪೀಠಿಕೆಯ ಅಕ್ಷರ ದಪ್ಪವಾಗಲಿ, ಖಾಲಿ ಪುಟಗಳಲ್ಲಿ ಎರಡನ್ನು ‘ಎಲ್ಲಿಗೆ ಹೋಗಬೇಕು’ ಎಂಬುದಕ್ಕೆ ಕೊಡಿ, ಬೆನ್ನುಡಿಯಲ್ಲಿ ‘ನೀಡಿದ 30 ಹಕ್ಕುಗಳು’ ತೆಗೆದು ‘ಮಾನ್ಯ ಮಾಡಿದ ನಿಮ್ಮ ಹಕ್ಕುಗಳು’ ಎಂದು ಹಾಕಿ. ಉತ್ತರ ಇನ್ನೂ ಬಂದಿಲ್ಲ. ಈ ನಡುವೆ ಆರು ಪ್ರತಿ ಕೊಂಡು ಹಂಚಿದ್ದೇನೆ. ಆರರಲ್ಲಿಯೂ ಬೆನ್ನುಡಿಯ ಆ ಪದಗಳ ಮೇಲೆ ಪೆನ್ಸಿಲ್‌ನಲ್ಲಿ ಗೀಟೆಳೆದು, ಅಂಚಿನಲ್ಲಿ ಸರಿಯಾದದ್ದನ್ನು ಬರೆದು ಕೊಟ್ಟಿದ್ದೇನೆ.